ಎಂಬತ್ತು ಸೆಕೆಂಡಿನ ಚಿಲ್ಲರೆ

ನಿನಗೆ ಗೊತ್ತಿರುವುದೇ, ಆದರೂ ಹೇಳುತ್ತೇನೆ,
ಮಾತು ಎಲ್ಲಿಂದಾದರೂ ಶುರುವಾಗಬೇಕಲ್ಲ:
ವಾಲ್ಪರೈಸೊ ಬಂದರಿನ ನೆತ್ತಿಗೆ ನಮ್ಮ ಗುಡ್ಡ.
ಕಡಿದಾದ ಹಳಿಯ ಮೇಲೆ ಎರಡು ಮರದ ಪೆಟ್ಟಿಗೆ,
ಒಂದೇ ಉಕ್ಕಿನ ಹಗ್ಗಕ್ಕೆ ಕಟ್ಟಿದವು.
ಒಂದು ಹತ್ತಬೇಕಾದರೆ ಇನ್ನೊಂದು ಇಳಿಯಲೇಬೇಕು.
ಮೇಲಿನ ಯಂತ್ರದ ಕೋಣೆಯಲ್ಲಿ ಹಿಡಿಕೆ ಹಿಡಿದು
ಮೂವತ್ತೊಂದು ವರ್ಷ ಕೂತವನು ನಾನು, ಎಲೆಯುತೇರಿಯೊ.
ಕೆಳಗಿನ ಗಂಟೆ ಎರಡು ಸಲ ಬಡಿದರೆ
ಜನ ಹತ್ತಿದ್ದಾರೆ, ಎಳೆದುಕೋ ಎಂದು ಅರ್ಥ.

ತಪಸ್ಸುಕಾಲದ ಮೊದಲ ಭಾನುವಾರ ಪಾದ್ರಿ ಅಂದರು:
ದಿನಕ್ಕೊಂದು ಗಂಟೆ ದೇವರಿಗೆಂದು ತೆಗೆದಿಡಿ,
ಉಳಿದು ಮಿಕ್ಕದ್ದನ್ನು ಕೊಡಬೇಡಿ.
ಬೆಳಗಿನ ಐದಕ್ಕೆ ಎದ್ದೆ. ಕೆಟಲ್ ಕೂಗಿತು.
ಮೆರ್ಸೆದಿತಾಳ ಊದಿದ ಕಾಲಿಗೆ ಎಣ್ಣೆ ಹಚ್ಚಬೇಕಿತ್ತು.
ಪಕ್ಕದ ಮನೆಯ ನಾಯಿ ನಮ್ಮ ಕಸದ ಚೀಲ ಹರಿದಿತ್ತು.
ರಾತ್ರಿಗೆ ಇಟ್ಟುಕೊಂಡೆ.
ಜಪಮಾಲೆಯ ನಾಲ್ಕನೇ ಮಣಿಗೇ ಗೊರಕೆ ಹೊಡೆದೆನಂತೆ;
ಬೆಳಿಗ್ಗೆ ಕೆನ್ನೆಯ ಮೇಲೆ ಮಣಿಗಳ ಅಚ್ಚು.

ನೋಟಿಲ್ಲದವನು ಏನು ಮಾಡುತ್ತಾನೆ?
ಜೇಬು ತಡಕಿ ಚಿಲ್ಲರೆ ಎಣಿಸುತ್ತಾನೆ.
ಕೆಳಗಿನಿಂದ ಮೇಲಕ್ಕೆ ಎಂಬತ್ತು ಸೆಕೆಂಡು.
ಇದು ನಿನಗೆ, ಅಂದೆ.
ಕಣ್ಣು ಹಳಿಗೆ, ಕಿವಿ ಗಾಲಿಗೆ,
ಮಿಕ್ಕದ್ದು ನಿನಗೆ. ಹೌದು, ಮಿಕ್ಕದ್ದೇ.
ಹಗ್ಗದ ಗುಂಯ್ಗುಡುವಿಕೆಯಲ್ಲೇ ತಿಳಿಯುತ್ತದೆ ನನಗೆ
ಒಳಗೆ ಎಷ್ಟು ಜನ, ಎಂಥ ಭಾರ.
ಮೀನು ಮಾರುವ ಎದುವಿಹೆಸ್, ಬುಟ್ಟಿ ಖಾಲಿಯಾಗದ ದಿನ.
ಗ್ಯಾಸ್ ಸಿಲಿಂಡರಿನ ಹುಡುಗ.
ಒಬ್ಬೊಬ್ಬರ ಹೆಸರನ್ನೂ ನಿನ್ನ ಮುಂದೆ ಇಡುತ್ತ ಎಳೆದೆ.
ಸುಳ್ಳೇಕೆ, ಎಷ್ಟೋ ಎಂಬತ್ತು ಸೆಕೆಂಡು
ಪಿಂಚಣಿಗೆ ಹೋಯಿತು, ಅಲ್ಲಾಡುವ ಹಲ್ಲಿಗೆ ಹೋಯಿತು.
ಒಮ್ಮೆ ಇಡೀ ಮಧ್ಯಾಹ್ನ ಸೋತ ಫುಟ್‌ಬಾಲ್ ಪಂದ್ಯಕ್ಕೆ.

ಪವಿತ್ರ ಗುರುವಾರ ನನ್ನ ಪಾಳಿ ಬಂತು.
ಇಗರ್ಜಿಯಲ್ಲಿ ಒಂಬತ್ತರಿಂದ ಹತ್ತು, ನಿನ್ನೆದುರು ಜಾಗರಣೆ.
ಇಡೀ ಗಂಟೆ, ಮುರಿಯದ ನೋಟು!
ಮಿಂದು, ಮದುವೆಯ ಕೋಟು ತೊಟ್ಟು
ಯಂತ್ರದ ಕೋಣೆಗೆ ಬೀಗ ಹಾಕುತ್ತಿದ್ದೆ.
ಕೆಳಗೆ ಗಂಟೆ ಬಡಿಯಿತು. ಎರಡು ಸಲ.

ಮಂಜಿನಲ್ಲಿ ಕೂಗಿ ಕೇಳಿದೆ, ಯಾರು?
ನಾನು, ಪೆತ್ರೊನಿಲಾ! ಜೊತೆಗೆ ವಾಷಿಂಗ್ ಮೆಷಿನ್!
ಸೆಕೆಂಡ್ ಹ್ಯಾಂಡ್, ಇವತ್ತೇ ಒಯ್ಯದಿದ್ದರೆ ಬೇರೆಯವರಿಗಂತೆ,
ವ್ಯಾನಿನವನು ಇಳಿಸಿ ಹೊರಟುಹೋದನಂತೆ.
ಅವಳಮ್ಮ ಎರಡು ವರ್ಷದಿಂದ ಹಾಸಿಗೆ ಬಿಟ್ಟಿಲ್ಲ,
ದಿನಕ್ಕೆ ನಾಲ್ಕು ಚಾದರ, ಕೈಯಲ್ಲೇ ಒಗೆತ.
ಮೆಟ್ಟಿಲು ಇನ್ನೂರ ಹನ್ನೆರಡು.

ಬೈದೆ. ನಿನ್ನನ್ನೇ ಬೈದೆನೇನೊ.
ಬೀಗ ತೆಗೆದೆ.
ಅವಳ ಪೆಟ್ಟಿಗೆ ಏರತೊಡಗಿತು,
ಅರ್ಧ ದಾರಿಯಲ್ಲಿ ಇನ್ನೊಂದು ಎದುರಾಯಿತು,
ಒಳಗೆ ದೀಪ ಹಚ್ಚಿಕೊಂಡು, ಯಾರೂ ಇಲ್ಲದೆ,
ಯಾರಿಗೋ ಜಾಗ ಬಿಟ್ಟ ಹಾಗೆ ಇಳಿದುಹೋಯಿತು.
ಆ ಎಂಬತ್ತು ಸೆಕೆಂಡು ನಾನು ಏನನ್ನೂ ಬೇಡಲಿಲ್ಲ.
ಗಡಿಯಾರ ನೋಡುತ್ತಿದ್ದೆ.

ಆಮೇಲೆ ಓಣಿಯುದ್ದಕ್ಕೂ ತಳ್ಳಿದೆವು,
ಅವಳು ಮುಂದೆ, ನಾನು ಹಿಂದೆ,
ಕೋಟಿಗೆ ಗ್ರೀಸು, ಮೊಣಕಾಲಿಗೆ ಪೆಟ್ಟು.
ನಲ್ಲಿಗೆ ಪೈಪು ಸಿಕ್ಕಿಸುವಾಗ ಒಳಕೋಣೆಯ ಮುದುಕಿ
ಯಾರೇ ಅದು, ಅಂದಳು.
ಯಾರೂ ಇಲ್ಲಮ್ಮ, ಗಾಡಿಯವನು.

ಇಗರ್ಜಿ ತಲುಪಿದಾಗ ಸೇವಕ ಮೇಣದಬತ್ತಿ ಆರಿಸುತ್ತಿದ್ದ.
ಮೆಟ್ಟಿಲ ಮೇಲೆ ಕೂತೆ. ಕೈ ಸೋಪಿನ ಪುಡಿ ನಾರುತ್ತಿತ್ತು.
ಗಂಟೆ ಬಡಿದವನು ನೀನೇ ಎಂದು ಹೇಳಲಾರೆ;
ವಾಷಿಂಗ್ ಮೆಷಿನ್ನನ್ನು ನಿನ್ನ ತಲೆಗೆ ಕಟ್ಟುವ ಧೈರ್ಯ ನನಗಿಲ್ಲ.
ನೀನಲ್ಲ ಎನ್ನುವುದಕ್ಕೂ ಬಾಯಿ ಬರುತ್ತಿಲ್ಲ.

ಮರುದಿನ ಆರೂಕಾಲಕ್ಕೆ ಮೊದಲ ಗಾಡಿ.
ಎರಡು ಸಲ ಬಡಿಯಿತು.
ಬಂದೆ, ಅಂದೆ, ಗಟ್ಟಿಯಾಗಿ,
ಆ ಖಾಲಿ ಕೋಣೆಯಲ್ಲಿ, ಯಾರಿಗೆ ಅಂದೆನೊ.