ಮೂರು ಖೇಪು

ಶನಿವಾರ ಮುಂಜಾನೆ ಸಾಲಿ.
ಆರೂವರಿಗೆ ನನ್ನ ಟಂಟಂ ಗೇಟಿನ ಮುಂದ ಕೆಮ್ಮತೈತಿ.
ಖೇಪಿಗೆ ಹನ್ನೊಂದು ಹುಡುಗೂರು,
ಮೂರು ಖೇಪಿಗೆ ನಾಕನೇತ್ತಾ ಪೂರಾ ಖಾಲಿ.
ಕಡೀ ಖೇಪಿನ್ಯಾಗ ಬೂದಿಹಾಳ ಟೀಚರ್, ಹಾಜರಿ ಪುಸ್ತಕ,
ಒಂದು ಡಬರಿ ಅವಲಕ್ಕಿ.
ಬೀಳಗಿ ರಸ್ತಾ ಬಿಟ್ಟು ಹಿನ್ನೀರಿನ ಕಡೆ ಹೊಳ್ಳೂಮುಂದ
ಎಲ್ಲಾರೂ ಒಮ್ಮೆ ಎಡಕ್ಕ ಬೀಳತಾವು, ನಗತಾವು.

ಡೀಸೆಲ್ಲು ಹಾಲಿನ ಸಂಘದ್ದು.
ಸೆಕ್ರೆಟರಿ ಮೊದಲ ಒಲ್ಲೆ ಅಂದಿದ್ದ:
"ಹಕ್ಕಿ ತೋರಸಾಕ ಎಮ್ಮಿ ಹಾಲಿನ ರೊಕ್ಕ ಯಾಕ?"
ಅವನ ಮಗಳು ಮನ್ಯಾಗ ಎರಡು ದಿನ ಊಟ ಬಿಟ್ಟಳಂತ.
ಈಗ ಲೀಟರಿನ ಲೆಕ್ಕ ತಾನ ಬರಕೋತಾನ,
ಕ್ಯಾನಿನ ಮ್ಯಾಲೆ, ಸೀಮೆಸುಣ್ಣದಾಗ.

ದುರ್ಬೀನು ಅರಣ್ಯ ಇಲಾಖೆ ನದಾಫ ಸಾಹೇಬ್ರದು.
ಮೂವತ್ಮೂರು ಮಂದಿಗೆ ಒಂದ.
ಇಪ್ಪತ್ತು ಎಣಸೂತನಕ ಒಬ್ಬೊಬ್ಬರ ಪಾಳಿ.
ಎಣಸೋರು ಹಿಂದ ನಿಂತೋರು, ಅದಕ್ಕ
ಇಲ್ಲಿ ಇಪ್ಪತ್ತು ಭಾಳ ಲಗೂ ಬರತೈತಿ.

ಅಂಬಿಗೇರ ದುರ್ಗಪ್ಪ ಏನೂ ಕೊಟ್ಟಿಲ್ಲ.
ಶನಿವಾರ ಒಂಬತ್ತರತನಕ ಬಲಿ ಬೀಸಂಗಿಲ್ಲ, ಅಷ್ಟ.
ತೆಪ್ಪ ಬೋರಲು ಹಾಕಿ ಮ್ಯಾಲೆ ಕುಂತು ಬೀಡಿ ಹಚ್ಚತಾನ.
ಟೀಚರ್ ತಮ್ಮ ನೋಟಬುಕ್ಕಿನ್ಯಾಗ
ಅವನ ಹೆಸರಿನ ಮುಂದ ಬರದಾರ: ಸುಮ್ಮನಿರೋದು.

ಕುರಿ ಕಾಯೋ ಲಗಮವ್ವಗ ಓದಾಕ ಬರಂಗಿಲ್ಲ.
ದಂಡಿ ಗುಂಟ ಬೆಳದದ್ದೆಲ್ಲ ಗೊತ್ತು.
"ಇದು ನೆಗ್ಗಿಲಮುಳ್ಳು. ಇದು ತಿಂದ್ರ ಕುರಿ ಹೊಟ್ಟಿ ಉಬ್ಬತೈತಿ.
ಇದರ ಖರೇ ಹೆಸರು ಗೊತ್ತಿಲ್ಲ, ನಮ್ಮವ್ವ ಅತ್ತಿಕಾಟ ಅಂತಿದ್ದಳು,
ಸೀರಿಗೆ ಹತ್ತಿದ್ರ ಬಿಡಂಗಿಲ್ಲ."
ಹುಡುಗೂರು ಹಂಗ ಬರಕೊಂಡಾವು.
ಟೀಚರೂ ತಿದ್ದಿಲ್ಲ.

ಪರಗೊಂಡನ ಜಗಳ ಇನ್ನೂ ಮುಗದಿಲ್ಲ.
ಅವನ ಕಡ್ಲಿ ಹೊಲ ನೀರಿಗೆ ಹತ್ತೈತಿ,
ರಾತ್ರಿ ಬಾತು ಬಂದು ಸವರಿ ಹೋಗತಾವು.
"ನಿಮ್ಮ ಪಾಠ ನನ್ನ ಹೊಲದಾಗ ಉಣ್ಣತೈತ್ರಿ" ಅಂತಾನ.
ಒಡ್ಡಿನ ಮ್ಯಾಲೆ ನಿಲ್ಲಾಕ ಮಾತ್ರ ಬಿಟ್ಟಾನ,
ಚಪ್ಪಲಿ ಕಳದು, ಬೆಳಿಗೆ ಕೈ ಹಚ್ಚದ.
ಹೋಗೂಮುಂದ ತಾನ ಸುಲಗಾಯಿ ಕಿತ್ತು ಉಡಿಗೆ ಹಾಕತಾನ.
ಮಕ್ಕಳಿಗೆ. ಬಾತಿಗಲ್ಲ.

ಮಂಗೋಲಿಯಾದಿಂದ ಬರತಾವಂತ, ಹಿಮಾಲಯ ದಾಟಿ.
ಬೆಳ್ಳನ ತಲಿ, ಹಿಂದ ಎರಡು ಕರೇ ಗೀಟು.
"ತಪ್ಪು ಉತ್ತರಕ್ಕ ಎಳೀತಾರಲ್ರಿ, ಹಂಗ" ಅಂದ ಒಬ್ಬಾಂವ.
"ಅಷ್ಟು ದೂರ ಯಾರ ಟಂಟಂನ್ಯಾಗ ಬರತಾವ್ರಿ?"
ಟೀಚರ್ ನನ್ನ ಕಡೆ ನೋಡಿದ್ರು.

ಮಾಘ ಮುಗಿಯಾಕ ಬಂದಿತ್ತು, ನೀರು ಭಾಳ ಇಳದಿತ್ತು.
ಬಾಗವಾನರ ಮುಸ್ಕಾನ ತನ್ನ ಪಾಳಿ ಅರ್ಧಕ್ಕ ಬಿಟ್ಟು
"ಮಲ್ಹಾರಿ ಕಾಕಾ, ನೀ ಒಮ್ಮೆನೂ ನೋಡೇ ಇಲ್ಲ" ಅಂದು
ದುರ್ಬೀನು ನನ್ನ ಕೊಳ್ಳಿಗೆ ಹಾಕಿದಳು.
"ಹತ್ತು ಉಳದೈತಿ. ಲಗೂ."

ಮೊದಲ ಬರೇ ನನ್ನ ರೆಪ್ಪಿ.
ಆಮ್ಯಾಲೆ ನೀರು.
ಆಮ್ಯಾಲೆ ಕೆಸರಾಗ ಒಂದು ಕಲ್ಲಿನ ಕಟ್ಟಿ,
ನಡುವ ತೂತು, ಕಂಬ ನಿಲ್ಲಸೂದು.
ಕಟ್ಟಿ ಮ್ಯಾಲೆ ಒಂದು ಬಾತು, ಒಂಟಿ ಕಾಲಿಲೆ,
ಸುತ್ತ ಉಳದವು,
ಪಾಳಿ ಹಚ್ಚಿ ನಿಂದರಸಿದ್ರ ನಿಂದರದವರಂಗ.

ಆ ಕಟ್ಟಿ ನನಗ ಗೊತ್ತು.
ಆಗಸ್ಟ್ ಹದಿನೈದಕ್ಕ ಅದಕ್ಕ ಸುಣ್ಣ ಬಳದಾಂವ ನಾನು,
ಮುಳುಗಿದ್ದರ ಹಿಂದಿನ ವರ್ಷ.
ಎಡಕ್ಕ ನಾಕನೇತ್ತಾ, ಹಿಂದ ಬೇವಿನ ಗಿಡ.
ಸಾಲಿ ನಾ ಬಿಟ್ಟೆನೋ, ನೀರು ಬಿಡಿಸಿತೋ,
ಇನ್ನೂ ಲೆಕ್ಕ ಹತ್ತಿಲ್ಲ.

"ಎಂಟು, ಒಂಬತ್ತು, ಹತ್ತು!"
ದುರ್ಬೀನು ತಿರುಗಿ ಕೊಟ್ಟೆ.
"ಏನು ಕಂಡ್ತು ಕಾಕಾ?"
"ಸಾಲಿ" ಅಂದೆ.
ನಕ್ಕಳು. ಹಕ್ಕಿ ಗುರ್ತಾ ಹತ್ತಲಿಲ್ಲ ಇವಗ, ಅನಕೊಂಡಳು.

ಮುಂದಿನ ಶನಿವಾರ ಟೀಚರ ನೋಟಬುಕ್ಕಿನ್ಯಾಗ ಇಣುಕಿದೆ.
ಮಲ್ಹಾರಿ: ಮೂರು ಖೇಪು.
ಖರೇನ ಐತಿ. ಏನೂ ಅನಲಿಲ್ಲ.

ಒಡ್ಡಿನ ಮ್ಯಾಲೆ ನಿಂತು ಹಾಜರಿ ಕರದ್ರು.
ಹದಿನೇಳಕ್ಕ ಯಾರೂ ಓ ಅನಲಿಲ್ಲ, ಹುಡುಗಗ ಜ್ವರ ಅಂತ.
ಎರಡನೇ ಸಲ ಕರದ್ರು, "ಹದಿನೇಳು?"
ಅದು ಒಂದು ಕಾಲಕ್ಕ ನನ್ನ ನಂಬರು.
ಬೀಡಿ ಬಾಯಾಗಿಂದ ತಗದು
ದುರ್ಗಪ್ಪ ನನ್ನ ಕಡೆ ನೋಡಿದ.
ಅವನದು ಹದಿನೆಂಟು.