ಶುಕ್ರವಾರದ ಲೆಕ್ಕ

ಮೂರು ಸಾವಿರದ ಇನ್ನೂರು ಮೇಜು, ಒಂದಕ್ಕೂ ಹೊಟ್ಟೆಯಿಲ್ಲ.
ಪರದೆ, ಕೀಲಿಮಣೆ, ಅಂಗೈಯಗಲದ ಒಂದು ಡಬ್ಬಿ, ಅಷ್ಟೆ.
ಕಂಪ್ಯೂಟರುಗಳೆಲ್ಲ ಸೊಹಾರ್ ಬಂದರಿನ ಹಿಂದೆ
ಹದಿನೆಂಟು ಡಿಗ್ರಿಯ ಕೋಣೆಯಲ್ಲಿ
ಒಂದು ಸರ್ವರಿನ ಮೈಮೇಲೆ ನೂರು ನೂರು.
ಹೊರಗೆ ನಲವತ್ತೇಳು.

ಅವುಗಳ ಕಾಲಡಿಗೆ ನೆಲ ಯಾವುದೆಂದು
ಗುರುವಾರದೊಳಗೆ ನಾನು ಹೇಳಬೇಕು.

ಮೊದಲನೆಯದು ಹಳೇ ಕುಳ. ಹತ್ತು ವರ್ಷ ನಂಬಿದ್ದೆವು,
ಈಗ ಬಾಡಿಗೆ ಮೂರು ಪಟ್ಟು ಮಾಡಿ
ನಗುನಗುತ್ತ ಕಾಗದ ಕಳಿಸಿದೆ.
ಎರಡನೆಯದು ಪುಕ್ಕಟೆ. ಪುಕ್ಕಟೆಯೆಂದರೆ
ನಡುರಾತ್ರಿ ಕೆಟ್ಟರೆ ಬಯ್ಯಲಿಕ್ಕೂ ಜನವಿಲ್ಲ.
ಮೂರನೆಯದನ್ನು ಮಾರುವವನು ಮಸ್ಕತ್ತಿನಿಂದ ಖರ್ಜೂರ ತಂದ.
ಖರ್ಜೂರ ಚೆನ್ನಾಗಿತ್ತು.

ಬದ್ರಿಯಾ ಮೇಡಂ ಕೇಳಿದ್ದು ಒಂದೇ:
ಏಳೂವರೆಗೆ ಎಲ್ಲರೂ ಒಟ್ಟಿಗೇ ಬಾಗಿಲು ತಟ್ಟಿದರೆ?

ಹುಟ್ಟಿಸಿದೆ ಮೂರು ಸಾವಿರ ಸುಳ್ಳು ಗುಮಾಸ್ತರನ್ನು.
ಹೆಸರಿಲ್ಲ, ಹಸಿವಿಲ್ಲ, ಬರೀ ಪಾಸ್‌ವರ್ಡು.
ರಾತ್ರಿ ಎರಡಕ್ಕೆ ಬಿಟ್ಟೆ ಒಮ್ಮೆಗೇ.
ಹಳೇ ಕುಳ ಗೊಣಗದೆ ಬಾಗಿಲು ತೆರೆಯಿತು.
ಖರ್ಜೂರದವನದು ಎರಡು ಸಾವಿರಕ್ಕೆ ಏದುಸಿರು ಬಿಟ್ಟಿತು.
ಪುಕ್ಕಟೆಯದು ತಡಮಾಡಿತು, ಆದರೆ ಯಾರನ್ನೂ ಹೊರಗೆ ನಿಲ್ಲಿಸಲಿಲ್ಲ.
ಒಂದು ಸರ್ವರ್ ಖಾಲಿ ಮಾಡು ಎಂದೆ:
ಅದರ ಅತಿಥಿಗಳೆಲ್ಲ ಅರ್ಧ ಬರೆದ ವಾಕ್ಯದ ಸಮೇತ
ಪಕ್ಕದ ಮೈಗೆ ಹೋಗಿ ಕೂತವು.
ವೀಸಾ ಇಲ್ಲ, ಮುದ್ರೆ ಇಲ್ಲ, ಧಣಿಯ ಪತ್ರವಿಲ್ಲ.
ಚಹಾ ಆರಿದ್ದು ಆಮೇಲೆ ಗೊತ್ತಾಯಿತು.

ಕೈಪಿಡಿಯ ಸಲಹೆಯೊಂದಿದೆ:
ಇರುವ ನೆನಪಿಗಿಂತ ಹೆಚ್ಚು ನೆನಪು ಹಂಚಬಹುದು,
ಎಲ್ಲರೂ ಏಕಕಾಲಕ್ಕೆ ಎಚ್ಚರವಿರುವುದಿಲ್ಲವಲ್ಲ.

ನನಗೆ ಗೊತ್ತು ಆ ಲೆಕ್ಕ.
ರೂವಿಯಲ್ಲಿ ಮೊದಲ ವರ್ಷ,
ವಿಟ್ಲದ ಪುತ್ತುಬಾವನಿಗೂ ನನಗೂ ಒಂದೇ ಮಂಚ.
ರಾತ್ರಿ ಹತ್ತಕ್ಕೆ ಅವನು ಬೇಕರಿಗೆ,
ಅವನ ಬಿಸಿ ಆರುವ ಮುಂಚೆ ನಾನು ಒಳಗೆ.
ಬೆಳಗ್ಗೆ ಹಿಟ್ಟಿನ ವಾಸನೆ ಬಂತೆಂದರೆ ಏಳಬೇಕು.
ಬಾಡಿಗೆ ಇಬ್ಬರಿಂದಲೂ ಪೂರ್ತಿ.
ಆರು ದಿನ ಲೆಕ್ಕ ಸರಿ.
ಶುಕ್ರವಾರ ಇಬ್ಬರಿಗೂ ರಜೆ.
ಒಬ್ಬ ಮಲಗಿದರೆ ಇನ್ನೊಬ್ಬ ಮೆಟ್ಟಿಲ ಮೇಲೆ,
ನಿದ್ದೆ ಬಂದಿಲ್ಲ ಎಂದು ಇಬ್ಬರೂ ಸುಳ್ಳು ಹೇಳುತ್ತ.

ಬುಧವಾರ ವರದಿ ಬರೆದೆ.
ಪುಕ್ಕಟೆಯದೇ ಇರಲಿ. ಉಳಿದ ದುಡ್ಡಲ್ಲಿ ಇನ್ನೂ ಹನ್ನೆರಡು ಸರ್ವರು,
ಬಯ್ಯಲಿಕ್ಕೆ ಸಂಬಳದ ಇಬ್ಬರು,
ಒಬ್ಬೊಬ್ಬರಿಗೂ ಅವರವರ ನೆನಪು, ಪೂರಾ.
ಕಾರಣ ಎಂಬ ಖಾನೆಯಲ್ಲಿ ಕೈ ತಾನಾಗಿ ಬರೆಯಿತು:
ಶುಕ್ರವಾರ.

ಶುಕ್ರವಾರ ಆಫೀಸೇ ಇಲ್ಲವಲ್ಲ, ಎಂದರು ಮೇಡಂ.
ಅದರ ಮೇಲೆ ಗೆರೆ ಎಳೆದು
ಕೆಳಗೆ ಸಹಿ ಮಾಡಿದರು.