ಹದಿನಾರು ಪೌಂಡು

ಮೂವತ್ತೆರಡರಿಂದ ಹದಿನಾರಕ್ಕೆ ಇಳಿಸಬೇಕು,
ಅಂದ ಇನಾಯತ್, ಜೆ.ಸಿ. ರೋಡಿನ ಗ್ಯಾರೇಜಲ್ಲಿ,
ಜೀಪಿನಡಿಯಿಂದ ಎರಡು ಪಾದ ಮಾತ್ರ ತೋರಿಸುತ್ತ.
ಗಾಳಿ ಜಾಸ್ತಿಯಿದ್ದರೆ ಮರಳು ಸೀಳ್ತೀರಿ,
ಕಮ್ಮಿಯಿದ್ದರೆ ಅದರ ಮೇಲೆ ಹೋಗ್ತೀರಿ.
ಅಷ್ಟೇ ಸಾರ್.

ಇಪ್ಪತ್ತೊಂಬತ್ತು ವರ್ಷ
ಮೆಜೆಸ್ಟಿಕ್ಕಿಂದ ವಿದ್ಯಾರಣ್ಯಪುರ, ವಿದ್ಯಾರಣ್ಯಪುರದಿಂದ ಮೆಜೆಸ್ಟಿಕ್.
ಗಾಳಿ ಇಳಿದ ಟೈರು ಅಂದರೆ ನನಗೆ
ಡಿಪೋ ಗೇಟಲ್ಲಿ ನಿಂತು ಬೈಸಿಕೊಳ್ಳುವ ವಿಷಯ.
ಈಗ ಬೇಕಂತಲೇ, ವಾಲ್ವಿನ ಬಾಯಿಗೆ ಕಡ್ಡಿ ಒತ್ತಿ
ಮತ್ತಿಕೆರೆ ನಾಲ್ಕನೇ ಕ್ರಾಸಲ್ಲಿ, ರಾತ್ರಿ ಹತ್ತೂವರೆಗೆ,
ಕುಕ್ಕರಗಾಲಲ್ಲಿ ಕೂತಿದ್ದೇನೆ.
ಉಸ್ಸ್...
ಒಂದು ಟೈರಿಗೆ ನಾಲ್ಕು ನಿಮಿಷ.
ಶಾಂತವೀರ ಟಾರ್ಚು ಬಿಟ್ಟು ಮೀಟರು ಓದುತ್ತಾನೆ:
ಇಪ್ಪತ್ನಾಲ್ಕು, ಇಪ್ಪತ್ತು, ಹತ್ತೊಂಬತ್ತು,
ಚಿಲ್ಲರೆ ಎಣಿಸಿದ ಹಾಗೆ.

ಶಾಂತವೀರ ನನ್ನ ಕಂಡಕ್ಟರ್.
ರಿಟೈರಾಗಿ ಮೂರು ವರ್ಷ, ಆದರೂ ನನ್ನ ಕಂಡಕ್ಟರ್.
ಸಮುದ್ರ ನೋಡಿದ್ದೀಯೇನೋ ಅಂದರೆ
ಕಿಟಕಿಯಿಂದ, ಅಂದ.
ಉಬ್ಬರ ಇಳಿತದ ಟೈಮು ಎಲ್ಲಿಂದಲೋ ಬರೆದು ತಂದಿದ್ದಾನೆ
ಹಳೇ ವೇಬಿಲ್ಲಿನ ಬೆನ್ನಿಗೆ, ಗೆರೆ ಎಳೆದು, ಕಾಲಂ ಹಾಕಿ.
ನೋಡು, ದಿನಕ್ಕೆ ಎರಡು ಟ್ರಿಪ್ಪು,
ದಿನಾ ಐವತ್ತು ನಿಮಿಷ ಲೇಟು,
ಯಾವ ಡಿಪೋ ಮ್ಯಾನೇಜರೂ ಮೆಮೊ ಕೊಟ್ಟಿಲ್ಲ.
ಒದ್ದೆ ಮರಳು ಅಂದರೆ ಟಾರು ಅಂದ್ಕೋ,
ಒಣ ಮರಳು ಅಂದರೆ ಶನಿವಾರ ಸಂಜೆಯ ಕೆ.ಆರ್. ಮಾರ್ಕೆಟ್ಟು.
ಪಂಚಾಯ್ತಿಯವರ ಪರ್ಮಿಶನ್ನು ಪ್ಲಾಸ್ಟಿಕ್ ಕವರಲ್ಲಿದೆ.
ಆಮೆ ಮೊಟ್ಟೆಯಿಟ್ಟ ಕಡೆ ಕೋಲು ನೆಟ್ಟಿರುತ್ತಂತೆ;
ಅಲ್ಲಿ ಸ್ಟಾಪಿಲ್ಲ, ಅಂದ.

ಹೋದ ಭಾನುವಾರ ಪ್ರಾಕ್ಟೀಸಿಗೆ ಮರಳು ಹುಡುಕಿದೆವು.
ಈ ಊರಲ್ಲಿ ಮರಳೆಲ್ಲಿದೆ?
ಇರೋದೆಲ್ಲ ಎಂ-ಸ್ಯಾಂಡು, ಬಂಡೆಯ ಹಿಟ್ಟು.
ಅಬ್ಬಿಗೆರೆ ಕಡೆ ಅರ್ಧಕ್ಕೆ ನಿಂತ ಅಪಾರ್ಟ್‌ಮೆಂಟು,
ಅದರ ಮಗ್ಗುಲಲ್ಲಿ ಒಂದು ಗುಡ್ಡೆ,
ವಾಚ್‌ಮನ್ನಿಗೆ ಎರಡು ಬನ್ನು, ಒಂದು ಟೀ.
ಫೋರ್ ವೀಲಿಗೆ ಹಾಕಿ ಹತ್ತಿದೆ.
ಒಂದು ಮಾರು. ನಿಂತಿತು. ತುಳಿದೆ.
ತುಳಿದಷ್ಟೂ ಒಳಕ್ಕೆ.
ಇಷ್ಟು ವರ್ಷ ನಿಂತಲ್ಲೆಲ್ಲ ತುಳಿದೇ ಬಂದ ಕಾಲು,
ಎತ್ತು ಅಂದರೆ ಎಲ್ಲಿ ಕೇಳುತ್ತೆ!
ಹೋಲ್ಡಾನ್! ಅಂತ ಕೂಗು ಬಿತ್ತು ಹಿಂದಿನಿಂದ.
ಆಗ ಎದ್ದಿತು.
ಸಲಿಕೆ ಹಿಡಿದು ಇಬ್ಬರೂ ಅಗೆದೆವು, ಹಲಗೆ ಕೊಟ್ಟೆವು,
ಅವನ ಸೊಂಟ, ನನ್ನ ಮಂಡಿ, ವಾಚ್‌ಮನ್ನಿನ ಬುದ್ಧಿಮಾತು.
ಬದಿಯ ತಗಡನ್ನು ಎರಡು ಸಲ ತಟ್ಟಿದ: ರೈಟ್.
ಬಂತು ಹಿಂದಕ್ಕೆ, ಹೋದ ಜಾಡಲ್ಲೇ, ಮೆಲ್ಲಗೆ.

ಹೊನ್ನಮ್ಮ ಕೇಳಿದ್ದು ಒಂದೇ:
ವಾಪಸು ಬಂದ ಮೇಲೆ ಉಪ್ಪು ತೊಳೆಯೋಕೆ ನೀರು?
ನಮ್ಮ ಬೀದಿಗೆ ಕಾವೇರಿ ಮಂಗಳವಾರ, ಶುಕ್ರವಾರ.
ಅವಳು ಹೋಗೋದು ಆ ಸಮುದ್ರಕ್ಕೆ, ನೀವು ಹೋಗೋದು ಈ ಸಮುದ್ರಕ್ಕೆ,
ನಿಮ್ಮ ಉಪ್ಪು ಅವಳ್ಯಾಕೆ ತೊಳೀತಾಳೆ?
ಅಂದವಳೇ ನೀಲಿ ಡ್ರಮ್ಮು ತುಂಬಿಸಿ
ಮೇಲೆ ಹಲಗೆ ಮುಚ್ಚಿದಳು.
ನಮ್ಮ ಹಲಗೆ ಅದು. ಆಮೇಲೆ ಹೊಳೆಯಿತು.

ಹನ್ನೊಂದಕ್ಕೆ ನಾಲ್ಕೂ ಹದಿನಾರು.
ಮೆಲುಕು ಹಾಕುವ ಎಮ್ಮೆಯ ಹಾಗೆ ಕೂತಿತು ಜೀಪು.
ಹೈವೇಗೆ ಮತ್ತೆ ತುಂಬಲೇಬೇಕು,
ಬೆಳಗ್ಗೆ ನೋಡೋಣ ಅಂತ ಮಲಗಿದೆವು,
ಅವನು ಹಾಲಲ್ಲಿ, ಶೂ ಹಾಕಿಕೊಂಡೇ.

ನಾಲ್ಕೂವರೆಗೆ ಗೇಟು ಬಡಿದ ಶಬ್ದ.
ಪೇಪರಿನ ಹುಡುಗ ಯಶಸ್ಸು, ಬೆವರಿಳಿಸುತ್ತ:
ಅಂಕಲ್, ಯಾರೋ ನಾಲ್ಕು ಟೈರಿಗೂ ಗಾಳಿ ಬಿಟ್ಟಿದಾರೆ!
ಅವನ ಕೈಯಲ್ಲಿ ಸೈಕಲ್ ಪಂಪು.
ಮುಂದಿನ ಎಡಗಡೆದು ಆಗಲೇ ಹದಿನೆಂಟು.
ಯಾರಂತ ಹೇಳೋದು.
ಸುಮ್ಮನೆ ಇನಾಯತ್ ಕೊಟ್ಟ ಪಂಪನ್ನು ಬ್ಯಾಟರಿಗೆ ಸಿಕ್ಕಿಸಿದೆ,
ಬೀದಿಯ ನಾಯಿಗಳೆಲ್ಲ ಎದ್ದವು.

ಎಲ್ಲಿಗೆ ಅಂಕಲ್, ಇಷ್ಟೊತ್ತಿಗೆ?
ಶಾಂತವೀರ ಹಳೇ ಅಭ್ಯಾಸಕ್ಕೆ
ಎರಡು ಹೆಜ್ಜೆ ಹಿಂದೆ ಸರಿದು, ಕತ್ತೆತ್ತಿ
ಗಾಜಿನ ಮೇಲೆ ಬೋರ್ಡು ಹುಡುಕಿದ.
ಜೀಪಿಗೆ ಬೋರ್ಡಿಲ್ಲ.